ರೇಡಿಯೋದ ಗಂಡನಿಗೆ ಹೆಸರಿರಲಿಲ್ಲ

ಮೊದಲ ಫೋನಿನಲ್ಲೇ ಆ ಹುಡುಗಿ ನನ್ನನ್ನು ‘ಕಾಕಾ’ ಎಂದಳು. ನನಗೆ ಸಂಶಯ ಬಂದದ್ದು ಅಲ್ಲಿಂದಲೇ. ಮುಖಪರಿಚಯ ಇಲ್ಲದವರು ಒಮ್ಮೆಲೇ ಕಾಕಾ, ಮಾಮಾ ಅನ್ನತೊಡಗಿದರೆ ನಮ್ಮಿಂದ ಏನೋ ಕೆಲಸ ಆಗಬೇಕಾಗಿದೆ ಎಂದೇ ಅರ್ಥ. ಪಾಲಿಸಿ ಮಾರುವವಳಿರಬೇಕು ಎಂದುಕೊಂಡು ಫೋನ್ ಇಡಲು ಹೊರಟಿದ್ದೆ.

“ಕಾಕಾ, ನಿಮ್ಮ ಹಳೇ ರೇಡಿಯೋ ಕಾರ್ಯಕ್ರಮ ಮತ್ತ ಸುರು ಮಾಡಾಕತ್ತೀವಿ. ಈಗ ಮೊಬೈಲ್‌ನಾಗ ಬರ್ತದ. ಗಂಡನ ಪಾರ್ಟು ನೀವೇ ಮಾಡಬೇಕು ನೋಡ್ರಿ,” ಎಂದಳು.

ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಮಾತಾಡುತ್ತಿದ್ದವನು ಕುರ್ಚಿ ಎಳೆದುಕೊಂಡು ಕುಳಿತೆ. ಸಂತೋಷ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದಿತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ನಾನಿರುವುದೇ ಹೀಗೆ. ಹಾಲಿನವನು ಒಂದು ದಿನ ಹಾಲು ದಪ್ಪಗೆ ಕೊಟ್ಟರೂ ಇವತ್ತೇನು ವಿಶೇಷ ಎಂದು ಕೇಳುವವನು. ‘ನಿಮಗ ಬೆಳಗಾದ್ರ ಸೂರ್ಯನ ಮ್ಯಾಲೂ ಸಂಶಯ’ ಎಂದು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಅಂದಿದ್ದಳು, ಈಗಲೂ ಅನ್ನುತ್ತಾಳೆ.

ಆ ಕಾರ್ಯಕ್ರಮ ಕೇಳದವರಿಗೆ ಅದೇನೆಂದು ಹೇಳಬೇಕು. ವಾರಕ್ಕೊಮ್ಮೆ ಸಂಜೆ ಕಾಲು ತಾಸು, ಒಂದು ಹಳ್ಳಿಯ ಗಂಡ ಹೆಂಡಿರ ಮಾತುಕತೆ. ಮೊದಲು ಪಟ ಪಟ ಎಂದು ಜೋಳದ ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಆಕೆಯ ಕೂಗು: “ಏನ್ರೀ, ಕೇಳಿಸ್ತೇನ್ರಿ?” ನನ್ನ ಉತ್ತರ: “ಕೇಳಿಸ್ತು. ನಾ ಏನ್ ಕಿವುಡೇನು?” ಪ್ರತಿ ವಾರ ಇದೇ. ಅದಾದ ಮೇಲೆ ತೊಗರಿಗೆ ಬಿದ್ದ ಕೀಡೆಯ ಸುದ್ದಿಯೋ, ಹುಡುಗಿಯರ ಸಾಲಿಯ ವಿಷಯವೋ, ಮಗ್ಗಲ ಮನೆಯ ಜಗಳವೋ ಬರುತ್ತಿತ್ತು. ಇಪ್ಪತ್ತು ವರ್ಷದ ಹತ್ತಿರ ನಡೆಯಿತು. ನಾನು ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ವಾರಕ್ಕೊಂದು ಮಧ್ಯಾಹ್ನ ರೆಕಾರ್ಡಿಂಗಿನಲ್ಲಿ ಎರಡೆತ್ತಿನ ಒಕ್ಕಲಿಗ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ವೈಷ್ಣವರ ಮನೆ. ಎತ್ತಿನ ಹಗ್ಗ ಹಿಡಿದದ್ದು ಒಂದು ದಿನವೂ ಇಲ್ಲ. ಆದರೂ ಸಂತೆಯಲ್ಲಿ ರೈತರು ನನ್ನ ದನಿ ಗುರುತು ಹಿಡಿದು, ಎತ್ತು ಮಾರಬ್ಯಾಡ್ರಿ ಎಂದು ಬುದ್ಧಿ ಹೇಳಿದ್ದಾರೆ.

ಹೆಂಡತಿಯ ಪಾರ್ಟು ಮಾಡುತ್ತಿದ್ದಾಕೆ ಕಮಲಾಪುರದವರು. ಖರೇ ಒಕ್ಕಲುತನದ ಹೆಣ್ಣುಮಗಳು. ಪದ ಹಾಡಲಿಕ್ಕೆಂದು ರೇಡಿಯೋಕ್ಕೆ ಬಂದವರನ್ನು ಅಲ್ಲಿಯ ಅಧಿಕಾರಿಯೊಬ್ಬರು ಮಾತಿಗೆ ಹಚ್ಚಿದ್ದರು. ನಾನು ಅವರನ್ನು ಅಕ್ಕಾರ ಅನ್ನುತ್ತಿದ್ದೆ, ಅವರು ನನ್ನನ್ನು ರಾಯರ ಅನ್ನುತ್ತಿದ್ದರು. ಮೈಕಿನ ಕೆಂಪು ದೀಪ ಹತ್ತಿತೋ, ಗಂಡ ಹೆಂಡಿರಾಗಿ ಜಗಳ ಶುರು. ದೀಪ ಆರಿತೋ, ಮತ್ತೆ ರಾಯರ, ಅಕ್ಕಾರ.

ಅವರ ಖರೇ ಗಂಡ ಪ್ರತಿ ಸಲ ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತು, ನಾವು ಹೊರಗೆ ಬಂದಾಗ “ಮುಗೀತ್ರಿ?” ಎಂದು ಒಂದೇ ಮಾತು ಕೇಳುತ್ತಿದ್ದರು. ನಾನು ಅವರ ಹೆಂಡತಿಯ ಜೊತೆ ಇಪ್ಪತ್ತು ವರ್ಷ ಜಗಳಾಡಿದ್ದಕ್ಕೆ ಆ ಮನುಷ್ಯ ನನಗೆ ಕೊಟ್ಟದ್ದು ಬಾಳೆಹಣ್ಣು ಮಾತ್ರ, ಕಮಲಾಪುರದ ಕೆಂಪು ಬಾಳೆ, ಪಂಜೆಯ ತುದಿಯಲ್ಲಿ ಸುತ್ತಿದ ಹಣ್ಣು.

ಆ ಕಾಲದ ಕೆಲಸವೇ ಬೇರೆ. ದನಿ ದೂರದಿಂದ ಬಂದ ಹಾಗೆ ಕೇಳಬೇಕೆಂದರೆ, ಮೈಕ್ ಬಿಟ್ಟು ಎದ್ದು ಹೋಗಿ, ಕೋಣೆಯ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಮಾತಾಡಬೇಕು. ಹೊಲದಿಂದ ಬರುವ ಗಂಡನೆಂದರೆ ಗೋಡೆಯಿಂದ ಮೈಕಿನವರೆಗೆ ಮಾತಾಡುತ್ತ ನಡೆದು ಬರುವುದು. ಈಗ ಅದಕ್ಕೆಲ್ಲ ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆಯಂತೆ.

ಇನ್ನೊಂದು ಮುಖ್ಯ ಮಾತು. ಅಷ್ಟು ವರ್ಷದಲ್ಲಿ ಆ ಗಂಡನಿಗೆ ಹೆಸರು ಇರಲಿಲ್ಲ. ನಮ್ಮ ಕಡೆ ಹಳೇ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ‘ಏನ್ರೀ’, ‘ನಮ್ಮ ಮನೆಯವರು’, ‘ಹುಡುಗರ ಅಪ್ಪ’. ನಮ್ಮ ಮನೆಯಲ್ಲಾದರೆ ಮರಾಠಿಯ ‘ಅಹೋ’. ಮದುವೆಯ ದಿನ ಮಾತ್ರ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿ ಒಳಗೆ ಬಾ ಅನ್ನುತ್ತಾರೆ. ಆಗಲೂ ಬರೀ ಹೆಸರಲ್ಲ. ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದ ನಡುವೆ ಹೆಸರನ್ನು ಬಚ್ಚಿಟ್ಟು ಹೇಳಬೇಕು. ನಮ್ಮ ಕಾರ್ಯಕ್ರಮದ ಹೆಂಡತಿಗೆ ಆ ಅವಕಾಶವೂ ಬರಲಿಲ್ಲ. ಪೋಸ್ಟಿನವನು, ಕಂಡಕ್ಟರ್, ಜನಗಣತಿಯ ಮಾಸ್ತರ, ಯಾರು ಬಂದು ಯಜಮಾನರ ಹೆಸರು ಕೇಳಿದರೂ ಆಕೆ ಏನೋ ಒಂದು ನೆವ ತೆಗೆದು ಜಾರಿಕೊಳ್ಳುತ್ತಿದ್ದಳು. ಕೇಳುವವರಿಗೆ ಅದೇ ಮಜಾ. ಕಾಯಿಪಲ್ಲೆ ಮಾರುವ ಹೆಂಗಸರು ನನ್ನನ್ನು ತಡೆದು “ಖರೇ ಹೇಳ್ರಿ, ನಿಮ್ಮ ಹೆಸರೇನ್ರಿ?” ಎಂದು ಕೇಳುತ್ತಿದ್ದರು. ನಾನು ಬದನೆಕಾಯಿ ಆರಿಸುತ್ತ “ಮನ್ಯಾಗ ಕೇಳಿ ಹೇಳ್ತೀನಿ” ಅನ್ನುತ್ತಿದ್ದೆ.

ಆಮೇಲೆ ಯಾರೋ ಹೊಸ ಅಧಿಕಾರಿ ಬಂದರು, ಇದನ್ನೆಲ್ಲ ಈಗ ಯಾರು ಕೇಳುತ್ತಾರೆ ಎಂದರು, ನಿಂತಿತು. ಅಕ್ಕಾರ ಗಂಡ ತೀರಿಕೊಂಡ ಸುದ್ದಿ ಅದಾದ ಕೆಲವು ವರ್ಷಕ್ಕೆ ಬಂತು. ಹೋಗಿ ಮಾತಾಡಿಸಿ ಬಂದಿದ್ದೆ. ಮುಂದೆ ಭೆಟ್ಟಿ ಇರಲಿಲ್ಲ.

ಈಗ ಈ ಕಾಕಾ ಅನ್ನುವ ಹುಡುಗಿ.

ಅವಳ ಆಫೀಸು ಊರ ಅಂಚಿನ ಕೋಟನೂರಿನಲ್ಲಿ. ಒಂದು ಕಡೆ ಹೊಸ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ಎಮ್ಮೆ ಕಟ್ಟಿದ ಗೂಟ; ನಡುವಿನ ಕಟ್ಟಡದ ಮೇಲ್ಮಹಡಿಯಲ್ಲಿ ಗೋಡೆಗೆಲ್ಲ ಕರೀ ಸ್ಪಂಜು ಹಚ್ಚಿದ ಕೋಣೆ. ಹುಡುಗಿ ಜೀನ್ಸ್ ಹಾಕಿದ್ದಳು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅದಕ್ಕೂ ಸಂಶಯಪಟ್ಟೆ. ಛಾ ಬಂತು. ಟೇಬಲ್ಲಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಇತ್ತು.

“ಇವು ಎಲ್ಲೀ ಹಣ್ಣು?” ಎಂದೆ.

“ಕಮಲಾಪುರದ್ದು ಕಾಕಾ. ಮೊನ್ನೆ ಅಮ್ಮಾರ ಕಡೆ ಹೋಗಿ ಬಂದ್ವಿ. ಅವರು ಹೂಂ ಅಂದಾರ.”

ಅಂದರೆ ನನಗಿಂತ ಮೊದಲು ಅಲ್ಲಿಗೆ ಹೋಗಿದ್ದಾರೆ. ಅವರನ್ನು ಒಪ್ಪಿಸಿ, ನಾನು ಬೇಡ ಅನ್ನಲಾರದಂತೆ ಮಾಡಿ, ಆಮೇಲೆ ಫೋನ್ ಮಾಡಿದ್ದಾರೆ. ಹಣ್ಣು ತಿನ್ನಲಿಲ್ಲ. ಸ್ಕ್ರಿಪ್ಟು ಕೊಡು ಎಂದೆ.

ಮೊದಲ ಪುಟದಲ್ಲೇ ರೊಟ್ಟಿಯ ಸಪ್ಪಳ ಇರಲಿಲ್ಲ. ಅದರ ಜಾಗದಲ್ಲಿ ಸಂಗೀತ ಎಂದು ಬರೆದಿತ್ತು. ‘ಏನ್ರೀ, ಕೇಳಿಸ್ತೇನ್ರಿ’ ಇರಲಿಲ್ಲ. ನನ್ನ ‘ಕೇಳಿಸ್ತು’ ಇರಲಿಲ್ಲ.

“ಇದೆಲ್ಲಿ ಹೋತು?”

“ಅದು ಪ್ರತಿ ಸಲ ಅದೇ ಅದೇ ಆಗ್ತದ ಕಾಕಾ. ಈಗಿನವರು ಶುರುವಿಗೇ ಬೇಸರ ಮಾಡ್ಕೋತಾರ. ಏನರ ಹೊಸಾದು ಬೇಕಲ್ರಿ.”

“ಹೊಸಾದೇ ಬೇಕಾದ್ರ ಹೊಸಾದೇ ಮಾಡ್ರಿ. ಹಳೇ ಕಾರ್ಯಕ್ರಮದ ಹೆಸರು ಯಾಕ ಬೇಕು ನಿಮಗ?”

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಮುಂದೆ ಓದ್ರಿ ಎಂದಳು. ಓದಿದೆ. ಗಂಡ ಹೆಂಡತಿ ಸಂತೆಗೆ ಬಂದಿದ್ದಾರೆ. ಗದ್ದಲದಲ್ಲಿ ಗಂಡ ತಪ್ಪಿಸಿಕೊಳ್ಳುತ್ತಾನೆ. ಹೆಂಡತಿ ‘ಏನ್ರೀ’ ಎಂದು ಕೂಗುತ್ತಾಳೆ, ಸಂತೆಯ ಗಂಡಸರೆಲ್ಲ ತಿರುಗಿ ನೋಡುತ್ತಾರೆ. ಮತ್ತೆ ಕೂಗುತ್ತಾಳೆ, ಮತ್ತೆ ಎಲ್ಲರೂ ನೋಡುತ್ತಾರೆ, ಇವನೊಬ್ಬ ನೋಡುವುದಿಲ್ಲ. ಕೊನೆಗೆ ಆಕೆ ಹೆಸರು ಹಿಡಿದು ಕೂಗುತ್ತಾಳೆ. ಹೆಸರಿನ ಜಾಗದಲ್ಲಿ ಚುಕ್ಕೆಗಳಿದ್ದವು. ಅದರ ಕೆಳಗೆ ನನ್ನ ಮಾತು: ‘ಮಂದಿ ಮುಂದ ಹೆಸರ ಹಿಡದು ಕರದು ಮಾನ ಕಳದಿ ನೋಡು.’

ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಕಾದಿಟ್ಟದ್ದನ್ನು ಮೊದಲ ಕಂತಿನಲ್ಲೇ ಬೀದಿಗೆ ಚೆಲ್ಲುವುದು. “ಈ ಚುಕ್ಕಿ ಏನು?” ಎಂದು ಕೇಳಿದೆ.

“ಆ ಹೆಸರ ಅಮ್ಮಾರೇ ಹೇಳ್ತಾರಂತ. ನಮಗೂ ಹೇಳಿಲ್ಲ,” ಎಂದಳು.

ಇದನ್ನು ನಂಬಲು ನಾನೇನು ಎಳೇ ಕೂಸೇ? ಹೆಸರು ಹೇಳಲಾರೆ ಎಂದು ಆಕಾಶ ಭೂಮಿ ಒಂದು ಮಾಡುತ್ತಿದ್ದ ಹೆಣ್ಣುಮಗಳು ತಾನಾಗಿ ಹೆಸರು ಆರಿಸಿಕೊಳ್ಳುತ್ತಾಳೆಯೇ? ಈ ಹುಡುಗಿ ಏನೋ ಹೇಳಿ ತಲೆ ತಿರುಗಿಸಿದ್ದಾಳೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಸ್ಕ್ರಿಪ್ಟು ಮಡಚಿ ಜೇಬಿಗಿಟ್ಟು ಎದ್ದೆ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಆಕೆ ಅವಲಕ್ಕಿ ಹಚ್ಚುತ್ತಿದ್ದಳು.

“ಅಹೋ, ಹೆಸರ ಇಟ್ಟರ ನಿಮ್ಮದೇನು ಹೋಗ್ತದ?” ಎಂದಳು.

“ಹೆಸರಿಲ್ಲಂತನ ಅವ ಎಲ್ಲಾರ ಮನೀ ಗಂಡ ಆಗಿದ್ದ. ಹೆಸರ ಬಂತಂದ್ರ ಯಾವನೋ ಒಬ್ಬ ಆಗ್ತಾನ.”

“ನಮ್ಮ ಮನ್ಯಾಗಂತೂ ಯಾವನೋ ಒಬ್ಬನೇ ಇದ್ದಾನ,” ಎಂದು ಅವಲಕ್ಕಿಗೆ ಉಪ್ಪು ಹಾಕಿದಳು.

ಆಕೆ ನಗೆಯಾಡಿದಳು, ನನ್ನ ತಲೆಯಿಂದ ಮಾತ್ರ ಅದು ಹೋಗಲಿಲ್ಲ. ನಮ್ಮ ಓಣಿಯ ತುದಿಯಲ್ಲಿ ಒಂದು ಭಜಿ ಅಂಗಡಿ ಇತ್ತು. ಮುದುಕ ಹೋದ ಮೇಲೆ ಮುಚ್ಚಿದ್ದನ್ನು ಅವನ ಮೊಮ್ಮಗ ಮತ್ತೆ ತೆರೆದ. ಮಿರ್ಚಿಯ ಹೊಟ್ಟೆಯಲ್ಲಿ ಚೀಸು ತುಂಬಿದ. ಮೊದಲ ದಿನವೇ ತಿಂದು ಬೈದು ಬಂದೆ. ಅದೇ ಓಣಿಯಲ್ಲಿ ಒಂದು ಖಾನಾವಳಿ ಇದೆ. ಅದೂ ಮುಚ್ಚಿ ತೆರೆದದ್ದೇ. ಅವರು ಏನನ್ನೂ ಬದಲು ಮಾಡಲಿಲ್ಲ; ಅದೇ ಬೋರ್ಡು, ಅದೇ ಬೆಂಚು, ಗಲ್ಲಾದ ಮೇಲೆ ಹಳೇ ಮಾಲಕನ ಅದೇ ಫೋಟೋ. ಅಲ್ಲಿಯ ಎಣ್ಣೆಗಾಯಿ ತಿಂದ ದಿನ ನನಗೆ ಇನ್ನೂ ಹೆಚ್ಚು ಸಿಟ್ಟು ಬಂದಿತ್ತು. ಚೀಸು ತುಂಬಿದವನು ಚೀಸು ತುಂಬಿದ್ದೇನೆ ಎಂದು ಹೇಳಿಯೇ ಮಾರಿದ. ಇವರು ಎಲ್ಲ ಹಾಗೇ ಇದೆ ಎಂದು ಕೂರಿಸಿ ಸಪ್ಪೆ ಬಡಿಸಿದರು. ಹಾಗಾದರೆ ನನಗೆ ಬೇಕಾದದ್ದು ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ಬದಲು ಮಾಡುವವರ ಮೇಲೂ ಸಂಶಯ, ಮಾಡದವರ ಮೇಲೂ ಸಂಶಯ. ಉತ್ತರ ಸಿಗದಿದ್ದರೂ ಒಂದು ನಿರ್ಧಾರಕ್ಕೆ ಬಂದೆ. ಕಮಲಾಪುರಕ್ಕೆ ಹೋಗಿ ಅಕ್ಕಾರನ್ನು ಕಂಡು, ಇಬ್ಬರೂ ಕೂಡಿ ಹೆಸರು ಹೇಳುವುದಿಲ್ಲ ಎಂದು ಬಿಡುವುದು. ಇಬ್ಬರೂ ಬೇಡ ಅಂದರೆ ಹುಡುಗಿ ಏನು ಮಾಡುತ್ತಾಳೆ?

ಬಸ್ಸಿನಲ್ಲಿ ಹೋದೆ. ಮಹಾಗಾಂವ ಕ್ರಾಸಿನಲ್ಲಿ ಜನ ಇಳಿದ ಮೇಲೆ ಕೂರಲು ಜಾಗ ಸಿಕ್ಕಿತು. ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಕಮಲಾಪುರದಲ್ಲಿ ಇಳಿದಾಗ ರಸ್ತೆಯ ಬದಿಯಲ್ಲಿ ಬಾಳೆಹಣ್ಣು ಮಾರುವವನೊಬ್ಬ ಇದೇ ಊರಿನ ಕೆಂಪು ಬಾಳೆ ಎಂದು ಕರೆದ. ಸಿಪ್ಪೆ ಉಜ್ಜಿ ನೋಡಿದೆ. ಬಣ್ಣ ಹತ್ತಲಿಲ್ಲ. ಆದರೂ ತೆಗೆದುಕೊಳ್ಳಲಿಲ್ಲ, ಬಾಳೆ ಬೆಳೆಯುವವರ ಮನೆಗೆ ಬಾಳೆಹಣ್ಣು ಒಯ್ದರೆ ನಗುತ್ತಾರೆ.

ಅಕ್ಕಾರ ಮನೆ ತುಂಬಿದ ಮನೆ. ಮಗ ಹೊಲದಲ್ಲಿದ್ದ, ಸೊಸೆ ಹಂಚಿನ ಮುಂದೆ, ಮೊಮ್ಮಕ್ಕಳು ಒಬ್ಬರ ಕೂದಲು ಒಬ್ಬರು ಜಗ್ಗುತ್ತಿದ್ದರು. ಅಕ್ಕಾರು ಪಡಸಾಲೆಯಲ್ಲಿ ಕೂತು ಕಾಳು ಆರಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದನಿ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ.

“ಬರ್ರಿ ರಾಯರ. ನೀವು ಬಂದೇ ಬರ್ತೀರಂತ ಗೊತ್ತಿತ್ತು. ಕುಂದರ್ರಿ, ಛಾ ಕುಡೀರಿ, ಆಮ್ಯಾಲ ಜಗಳ ತೆಗೀರಿ.”

ಛಾ ಕುಡಿದೆ. ಆಮೇಲೆ ಸ್ಕ್ರಿಪ್ಟು ತೆಗೆದು ಚುಕ್ಕೆಗಳ ಮೇಲೆ ಬೆರಳಿಟ್ಟೆ. “ಆ ಹುಡುಗಿ ನಿಮ್ಮ ಕಡಿಂದ ಏನ್ ಹೇಳಸಾಕತ್ತಾಳ ನೋಡೀರೇನ್ರಿ? ನಾವಿಬ್ಬರೂ ಬ್ಯಾಡ ಅನ್ನೋಣ. ಸುಮ್ಮನ ಅವರ ತಾಳಕ್ಕ ಕುಣೀಬ್ಯಾಡ್ರಿ ಅಕ್ಕಾರ.”

“ಅದು ಆಕಿ ಬರದಿದ್ದಲ್ರಿ. ನಾನೇ ಹೇಳಿದ್ದು.”

“ಏನ್ ಹೇಳಿದ್ದು?”

“ಸಂತಿ ಮಾತು, ಹೆಸರ ಹಿಡದು ಕರಿಯೋ ಮಾತು, ಎಲ್ಲಾ ನಾನೇ ಹೇಳೀನಿ. ಹಂಗ ಇದ್ರ ಬರ್ತೀನಿ, ಇಲ್ಲಂದ್ರ ಬರೂದಿಲ್ಲ ಅಂದೀನಿ.”

ಇಷ್ಟು ದಿನ ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆನೋ ಆ ಹುಡುಗಿಗೆ ಇದರಲ್ಲಿ ಸಂಬಂಧವೇ ಇರಲಿಲ್ಲ. ಅಕ್ಕಾರು ಮೊಮ್ಮಕ್ಕಳನ್ನು ಹೊರಗೆ ಆಡಲು ಕಳಿಸಿದರು. ಮೊರ ಪಕ್ಕಕ್ಕಿಟ್ಟರು.

“ಹುಡುಗಿ ಮುಂದ ಸಂತಿ ಅಂದೀನಿ. ಅದು ಸಂತಿ ಅಲ್ರಿ ರಾಯರ, ದವಾಖಾನಿ. ಅವರನ್ನ ಖಾಟಿನ ಮ್ಯಾಲ ಮಲಗಿಸಿದ್ರು. ಮಾರಿ ಗ್ವಾಡಿ ಕಡೆ ಹೊಳ್ಳಿತ್ತು. ಸಿಸ್ಟರ್ ಬಂದು, ಅವ್ವಾ, ಹೆಸರ ಹಿಡದು ಜೋರ ಕರೀರಿ, ಅವರು ಎಚ್ಚರ ಇರಬೇಕು ಅಂದ್ಲು. ನಾ ಏನ್ರೀ ಅಂದೆ. ಏನ್ರೀ, ಕೇಳಿಸ್ತೇನ್ರಿ ಅಂದೆ. ಆಜೂಬಾಜು ಖಾಟಿನ ಗಂಡಸರೆಲ್ಲ ಹೊಳ್ಳಿ ನೋಡಿದ್ರು. ಇವರು ನೋಡ್ಲಿಲ್ಲ.”

ಒಳಗೆ ಸೊಸೆ ರೊಟ್ಟಿ ಬಡಿಯುವುದು ನಿಂತಿತು. ಅಕ್ಕಾರು ದನಿ ಸಣ್ಣದು ಮಾಡಿದರು.

“ಹೆಸರ ಕರಿಯವ್ವ, ಹೆಸರ ಅಂತಾಳ ಆಕಿ. ನನಗ ಬಾಯಿಗಿ ಬರವಲ್ದು. ಮದ್ವಿ ದಿನ ಬಾಗಲದಾಗ ಒಡಪು ಹೇಳಿದ್ದೆ ನೋಡ್ರಿ. ಅದನ್ನ ಅಂದ್ರ ಅದರ ಕೂಡ ಹೆಸರ ಬರ್ತದಂತ ಅನ್ನಾಕ ಹತ್ತಿದೆ. ಒಂದನೇ ಸಾಲ ಬಂತು. ಎರಡನೇ ಸಾಲ ನೆನಪಾಗವಲ್ದು. ಹೆಸರಿದ್ದದ್ದು ಆ ಸಾಲಿನಾಗ. ದವಾಖಾನ್ಯಾಗ ನಿಂತು ಒಡಪು ಹೇಳಾಕತ್ತೀನಿ ರಾಯರ, ಹುಚ್ಚಿಗತೆ. ಅಷ್ಟರಾಗ ಮಗ ಬಂದು ಅಪ್ಪಾ ಅಂದ. ಅಷ್ಟೊತ್ತಿಗೆ ಆಗಿ ಹೋಗಿತ್ತು.”

ನನಗೆ ಬೇವಿನ ಗಿಡದ ಕೆಳಗಿನ ಆ ಮನುಷ್ಯ ನೆನಪಾದರು, ಆ ‘ಮುಗೀತ್ರಿ?’ ನೆನಪಾಯಿತು.

“ಹೆಸರ ಹಿಡದಿದ್ರ ಉಳೀತಿದ್ರು ಅಂತ ಹೇಳೂದಿಲ್ಲ. ಡಾಕ್ಟರು ಹೇಳ್ಯಾರ, ಏನೂ ಆಗ್ತಿರ್ಲಿಲ್ಲ ಅಂತ. ಆದ್ರ ನಾ ಕರದದ್ದು ಅವರಿಗಿ ಕೇಳಿಸ್ತೋ ಇಲ್ಲೋ, ಅದೊಂದು ನನಗ ಗೊತ್ತಾಗ್ಲಿಲ್ಲ.”

“ಮನ್ಯಾಗ ಒಮ್ಮಿ ಹೇಳಬಹುದಿತ್ತಲ್ರಿ ಅಕ್ಕಾರ, ಫೋಟೋದ ಮುಂದ,” ಎಂದೆ. ಅನ್ನಬಾರದಿತ್ತೇನೋ.

“ನಿಂತು ನೋಡೀನಿ. ಫೋಟೋ ಹೊಳ್ಳಿ ಮಾತಾಡ್ತದೇನ್ರಿ? ರೇಡಿಯೋದಾಗ ನಾ ಕರದ್ರ ನೀವು ಮಾತಾಡ್ತಿದ್ರಿ. ಒಂದು ವಾರ ತಪ್ಪಿಸಿಲ್ಲ ನೀವು.”

ಆಗ ನನಗೆ ಚುಕ್ಕೆಗಳ ಜಾಗದಲ್ಲಿ ಯಾವ ಹೆಸರು ಬರುತ್ತದೆ ಎಂದು ತಿಳಿಯಿತು. ಕೇಳಲಿಲ್ಲ. ಆ ಹೆಸರು ನನಗೆ ಗೊತ್ತಿತ್ತು. ಎಷ್ಟೋ ಸಲ ಬಾಳೆಹಣ್ಣು ಇಸಕೊಳ್ಳುವಾಗ ನಾನೇ ಆ ಹೆಸರು ಹಿಡಿದು ಮಾತಾಡಿಸಿದ್ದೇನೆ.

ಸಂಶಯದವನ ಬುದ್ಧಿ ಅಷ್ಟರಲ್ಲೂ ಸುಮ್ಮನಿರಲಿಲ್ಲ. ಸತ್ತವರ ಹೆಸರಿಗೆ ನಾನು ಉತ್ತರ ಕೊಡುವುದು ಸರಿಯೇ? ಕೇಳುವ ಮಂದಿ ಇದನ್ನು ನಗೆಚಾಟಿಕೆ ಎಂದು ತಿಳಿದು ನಗುತ್ತಾರೆ, ಆಗ ಈ ಹೆಣ್ಣುಮಗಳ ಗತಿ? ಒಂದು ನಡುದಾರಿ ಹುಡುಕಿದೆ. “ಹಂಗಿದ್ರ ಒಡಪಿನಾಗ ಇಡೋಣೇನ್ರಿ? ನಾ ಛಂದಾಗಿ ಕಟ್ಟಿ ಕೊಡ್ತೀನಿ. ಪದ್ಧತಿಗಿ ಪದ್ಧತಿನೂ ಉಳೀತದ, ಹೆಸರೂ ಬರ್ತದ.”

ಅಕ್ಕಾರು ನನ್ನನ್ನು ನೋಡಿ ನಕ್ಕರು. “ನಾ ಸಿಕ್ಕೊಂಡಿದ್ದೇ ಅಲ್ಲಿ ಅಲ್ಲೇನ್ರಿ ರಾಯರ? ಒಡಪು ಬ್ಯಾಡ. ಬರೇ ಹೆಸರ.”

ಹೊರಡುವಾಗ ಚೀಲ ತುಂಬ ಕೆಂಪು ಬಾಳೆ ಕೊಟ್ಟರು. ಬಸ್ಸಿನಲ್ಲಿ ಒಂದು ತಿಂದೆ. ಮೊದಲಿನ ರುಚಿಯೇ ಇತ್ತೋ ಇಲ್ಲವೋ, ನನಗೆ ಹೇಳಲು ಬರುವುದಿಲ್ಲ. ಹುಡುಗಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. “ನೀವು ಒಪ್ಪೂದಿಲ್ಲಂತ ಅಂಜಿದ್ದೆ ಕಾಕಾ,” ಎಂದಳು. ರೊಟ್ಟಿ ಸಪ್ಪಳದ ವಿಷಯ ಮಾತ್ರ ಇನ್ನೂ ಒಪ್ಪಿಲ್ಲ ಎಂದು ಫೋನ್ ಇಟ್ಟೆ.

ರೆಕಾರ್ಡಿಂಗಿನ ದಿನ ಅಕ್ಕಾರು ಮಗನ ಗಾಡಿಯ ಮೇಲೆ ಬಂದರು. ಚೀಲದಲ್ಲಿ ರೊಟ್ಟಿ ಬಡಿಯುವ ಹಲಗೆ, ಡಬ್ಬಿಯಲ್ಲಿ ಹಿಟ್ಟು. ಸಪ್ಪಳ ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದರೂ ಕೇಳಿರಲಿಲ್ಲವೋ. ಹುಡುಗಿ ಅದನ್ನು ನೋಡಿ ಹಲಗೆ ಇಡಲು ಜಾಗ ಮಾಡಿಕೊಟ್ಟಳು. ನಾನು ಮೀಸೆಯಲ್ಲೇ ನಕ್ಕೆ.

ಕೋಣೆಯಲ್ಲಿ ಎರಡು ಮೈಕು, ಎದುರುಬದುರು ಎರಡು ಕುರ್ಚಿ. ಹುಡುಗಿ ಗಾಜಿನ ಆಚೆ ಕೂತಳು. ಅವಳ ಮಾತು ನಮಗೆ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಬರುತ್ತಿತ್ತು. ಮೊದಲಿನ ಭಾಗ ಸರಾಗ ಹೋಯಿತು. ಬದನೆಕಾಯಿಯ ದರಕ್ಕೆ ಜಗಳಾಡಿದೆವು, ಬಸ್ಸಿನವನಿಗೆ ಬೈದೆವು. ಎಷ್ಟು ವರ್ಷ ಬಿಟ್ಟಿದ್ದೆವು ಅನ್ನುವುದೇ ಮರೆತುಹೋಯಿತು. ಆಮೇಲೆ ಸಂತೆಯ ಗದ್ದಲ ಬಂತು.

“ಏನ್ರೀ,” ಎಂದರು ಅಕ್ಕಾರು. “ಏನ್ರೀ, ಎಲ್ಲಿ ಹೋದ್ರಿ? ಏನ್ರೀ.”

ಅಲ್ಲಿಗೆ ನಿಂತಿತು. ಬಾಯಿ ತೆರೆದಿತ್ತು. ಮೈಕಿನ ಆಚೆ ಕೂತ ನನ್ನ ಮುಖವನ್ನೇ ನೋಡುತ್ತಿದ್ದರು. ಹೆಸರು ಬರಲಿಲ್ಲ.

“ಇರ್ಲಿ ಅಮ್ಮಾರ, ಇನ್ನೊಮ್ಮೆ,” ಎಂದಳು ಹುಡುಗಿ. ಇನ್ನೊಮ್ಮೆ ಮಾಡಿದರು. ಮತ್ತೆ ಅಲ್ಲಿಗೇ ಬಂದು ನಿಂತಿತು. ಮೂಗಿನ ಮೇಲೆ ಬೆವರು ಬಂತು. ನೀರು ಕುಡಿದು ಮತ್ತೆ ನೋಡಿದರು. ತುಟಿ ಮೊದಲ ಅಕ್ಷರಕ್ಕೆ ಕೂಡಿದ್ದು ನನಗೆ ಕಾಣಿಸಿತು. ದನಿ ಮಾತ್ರ ಹೊರಡಲಿಲ್ಲ.

“ತೊಂದ್ರಿ ಇಲ್ಲ ಅಮ್ಮಾರ, ಬಿಡ್ರಿ,” ಎಂದಳು ಹುಡುಗಿ. “ಹೆಸರಿನ ಜಾಗದಾಗ ಸಂತಿ ಗದ್ದಲ ಏರಿಸ್ತೀವಿ. ಕೇಳಿಸೂದೇ ಇಲ್ಲ. ಹಳೇದ್ರ ಹಂಗ ಆಗ್ತದ, ಕಾಕಾಗೂ ಖುಷಿ.”

ನನಗೆ ಬೇಕಾದದ್ದು ತಾನಾಗಿ ಕೈಗೆ ಬಂದಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು; ಗಂಡನಿಗೆ ಹೆಸರಿಲ್ಲದೆ ಕಾರ್ಯಕ್ರಮ ಮೊದಲಿನ ಹಾಗೇ ಉಳಿಯುತ್ತಿತ್ತು. ಅಕ್ಕಾರು ತಲೆ ತಗ್ಗಿಸಿ ಹೆಡ್‌ಫೋನ್ ತೆಗೆಯಲು ಕೈ ಎತ್ತಿದರು. ದವಾಖಾನೆಯಲ್ಲಿ ಹೀಗೇ ನಿಂತಿದ್ದಿರಬೇಕು. ಇಲ್ಲಿಂದಲೂ ಹೀಗೇ ಮನೆಗೆ ಹೋಗುತ್ತಾರೆ.

“ಮೈಕ್ ಆರಿಸಬ್ಯಾಡ, ನಡೀಲಿ,” ಎಂದು ಗಾಜಿನ ಕಡೆ ಕೈ ಮಾಡಿದೆ. ಹೆಡ್‌ಫೋನ್ ಕಳಚಿ ಕುರ್ಚಿಯ ಮೇಲಿಟ್ಟೆ. ಎದ್ದೆ. ಹಳೇ ಸ್ಟುಡಿಯೋದಲ್ಲಿ ಹೋಗುತ್ತಿದ್ದ ಹಾಗೆ ಕೋಣೆಯ ಕೊನೆಯವರೆಗೆ ಹೋಗಿ, ಅವರಿಗೆ ಬೆನ್ನು ಕೊಟ್ಟು, ಕರೀ ಸ್ಪಂಜಿನ ಗೋಡೆಗೆ ಮುಖ ಮಾಡಿ ನಿಂತೆ. ನನ್ನ ಮುಖ ಎದುರಿಗಿದ್ದರೆ ಅವರು ಕರೆಯಲಾರರು ಅನ್ನಿಸಿತ್ತು. ಆ ಮುಖ ರಾಯರದು, ಗಂಡನದಲ್ಲ.

ಹೊರಗೆ ಎಲ್ಲೋ ಎಮ್ಮೆ ಕೂಗಿದ್ದು ಆ ಸ್ಪಂಜಿನ ಒಳಗೂ ಕೇಳಿಸಿತು.

“ಏನ್ರೀ,” ಎಂದರು ಅಕ್ಕಾರು, ಬಹಳ ಸಣ್ಣಗೆ.

ನಾನು ತಿರುಗಲಿಲ್ಲ.

ಆಗ ಅವರು ಹೆಸರು ಹಿಡಿದು ಕರೆದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿಂದೆ ಮುಂದೆ ಏನೂ ಇಲ್ಲದ ಬರೀ ಹೆಸರು, ‘ರೀ’ ಕೂಡ ಇಲ್ಲ, ಹೊಲದ ಆ ತುದಿಗೆ ಮುಟ್ಟುವಷ್ಟು ಜೋರು. ನನ್ನ ಬೆನ್ನು ಜುಂ ಅಂದಿತು.

ಸ್ಕ್ರಿಪ್ಟಿನಲ್ಲಿ ನನ್ನ ಮಾತು ಮಾನ ಕಳೆಯುವ ಮಾತು. ಅದು ನನಗೆ ನೆನಪಿತ್ತು, ಮರೆತೆ ಎಂದು ಹೇಳುವುದಿಲ್ಲ. ಗೋಡೆಯ ಕಡೆಯಿಂದ ತಿರುಗದೆ, ಇಪ್ಪತ್ತು ವರ್ಷ ಪ್ರತಿ ವಾರ ಹೇಳಿದ್ದನ್ನೇ ಹೇಳಿದೆ.

“ಕೇಳಿಸ್ತು. ನಾ ಏನ್ ಕಿವುಡೇನು?”

ತಿರುಗಿ ನೋಡಿದೆ. ಅಕ್ಕಾರು ಎರಡೂ ಕೈಯಿಂದ ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು. ಆಮೇಲೆ ಸೆರಗು ಇಳಿಸಿ, ಮೈಕಿನ ಹತ್ತಿರ ಬಗ್ಗಿ, ಯಾವ ಪುಟದಲ್ಲೂ ಇಲ್ಲದ ಮಾತೊಂದನ್ನು ಹೇಳಿದರು.

“ಕೇಳಿಸ್ತಂದ್ರ ಸಾಕು.”

ಗಾಜಿನ ಆಚೆ ಹುಡುಗಿಗೆ ಏನಾಯಿತೆಂದು ಪೂರ್ತಿ ತಿಳಿದಿರಲಿಕ್ಕಿಲ್ಲ. ಅವಳು ಬಾಗಿಲು ತೆರೆದು ಒಳಗೆ ಬಂದಳು. “ಭಾಳ ಛಲೋ ಬಂತು ಅಮ್ಮಾರ. ಕಾಕಾ, ನಿಮ್ಮ ದನಿ ಒಂದು ಭಾಳ ದೂರಿಂದ ಬಂದದ. ಮೈಕಿಗಿ ಬಂದು ಅದೊಂದು ಮಾತು ಇನ್ನೊಮ್ಮೆ ಹೇಳ್ತೀರೇನು?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕಾರು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದರು:

“ಬ್ಯಾಡವ್ವ. ಅಷ್ಟು ದೂರಿಂದನ ಬರಬೇಕದು.”